ಎಕ್ಸ್‌ಪೋಸ್ ತಂಡದ ನೋ-ಹಿಟ್ಟರ್‌ಗಳು: ಪಟ್ಟಿಯಲ್ಲಿ ನಾಲ್ಕು, ಪಟ್ಟಿಯ ಹೊರಗೆ ಇನ್ನೂ ನಾಲ್ಕು

ಒಂಬತ್ತನೇ_ಇನ್ನಿಂಗ್ಸ್

ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡುತ್ತಿದ್ದ ಕೆನಡಾದ ಬೇಸ್‌ಬಾಲ್ ತಂಡ ಮಾಂಟ್ರಿಯಲ್ ಎಕ್ಸ್‌ಪೋಸ್ ಈಗ ಇಲ್ಲ. 1969ರಲ್ಲಿ ಹುಟ್ಟಿದ ತಂಡ, 2004ರ ಸೀಸನ್ ಮುಗಿದ ಮೇಲೆ ವಾಷಿಂಗ್ಟನ್‌ಗೆ ಹೋಗಿ ನ್ಯಾಷನಲ್ಸ್ ಆಯಿತು. ಒಮ್ಮೆಯೂ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್, ಆಡಲಿಲ್ಲ. ಆದರೆ ಅದರ ನೋ-ಹಿಟ್ಟರ್‌ಗಳ ಕಥೆ ಇದೆಯಲ್ಲ, ಅಂಥದ್ದು ದೊಡ್ಡ ದೊಡ್ಡ ತಂಡಗಳಿಗೂ ಇಲ್ಲ.

ಅಧಿಕೃತ ಪಟ್ಟಿಯಲ್ಲಿ ಇರುವುದು ನಾಲ್ಕು. ಬಿಲ್ ಸ್ಟೋನ್‌ಮನ್ ಎರಡು ಸಲ, 1969 ಮತ್ತು 1972ರಲ್ಲಿ. ಚಾರ್ಲಿ ಲೀ 1981ರಲ್ಲಿ. ಡೆನಿಸ್ ಮಾರ್ಟಿನೆಜ್ 1991ರಲ್ಲಿ, ಅದು ಪರ್ಫೆಕ್ಟ್ ಗೇಮ್. ಇವಲ್ಲದೆ ಇನ್ನೂ ನಾಲ್ಕು ಪಂದ್ಯಗಳಿವೆ. ಡೇವಿಡ್ ಪಾಮರ್ 1984, ಪಾಸ್ಕ್ವಾಲ್ ಪೆರೆಜ್ 1988, ಮಾರ್ಕ್ ಗಾರ್ಡ್ನರ್ 1991, ಪೆಡ್ರೊ ಮಾರ್ಟಿನೆಜ್ 1995. ಈ ನಾಲ್ಕನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಾರಣ 1991ರಲ್ಲಿ ಬಂದ ಒಂದು ನಿಯಮ. ಈ ತಂಡದ ವಿಷಯ ಮಾತಾಡುವಾಗ ಎಂಟನ್ನೂ ಸೇರಿಸಿಯೇ ಮಾತಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಪ್ಪದವರು ಇದ್ದರೆ ಹೇಳಿ, ಮಾತಾಡೋಣ.

ಹೊಸಬ_ನೋಡುಗ

ಬೇಸ್‌ಬಾಲ್ ಈಗಷ್ಟೇ ನೋಡಲು ಶುರು ಮಾಡಿದ್ದೇನೆ. ನೋ-ಹಿಟ್ಟರ್‌ಗೂ ಪರ್ಫೆಕ್ಟ್ ಗೇಮ್‌ಗೂ ಏನು ವ್ಯತ್ಯಾಸ? ಎರಡೂ ಒಂದೇ ಅಂದುಕೊಂಡಿದ್ದೆ.

ಲೆಕ್ಕದ_ಪುಸ್ತಕ

ಒಂದು ತಂಡ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಇದ್ದರೆ ಅದು ನೋ-ಹಿಟ್ಟರ್. ಅಂದರೆ ಬ್ಯಾಟರ್ ತಾನು ಹೊಡೆದ ಹೊಡೆತದ ಬಲದಿಂದಲೇ ಬೇಸ್ ತಲುಪಬಾರದು. ಆದರೆ ಪಿಚರ್ (ಚೆಂಡು ಎಸೆಯುವವನು) ನಾಲ್ಕು ಬಾಲ್ ಹೊರಗೆ ಹಾಕಿದರೆ ಬ್ಯಾಟರ್ ವಾಕ್ ಸಿಕ್ಕಿ ಮೊದಲ ಬೇಸ್‌ಗೆ ಹೋಗಬಹುದು. ಫೀಲ್ಡರ್ ಚೆಂಡು ಕೈಚೆಲ್ಲಿದರೂ ಹೋಗಬಹುದು. ಆಗಲೂ ಅದು ನೋ-ಹಿಟ್ಟರೇ. ಪರ್ಫೆಕ್ಟ್ ಗೇಮ್‌ನಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ. 27 ಜನ ಬರಬೇಕು, 27 ಜನವೂ ಔಟಾಗಿ ವಾಪಸ್ ಹೋಗಬೇಕು. ಒಬ್ಬನೂ ಮೊದಲ ಬೇಸ್ ಮುಟ್ಟಬಾರದು.

ಸ್ಟೋನ್‌ಮನ್ ಉದಾಹರಣೆಯನ್ನೇ ನೋಡಿ. 1972ರ ಪಂದ್ಯದಲ್ಲಿ ಏಳು ಜನರಿಗೆ ವಾಕ್ ಕೊಟ್ಟರು. ಹಿಟ್ ಮಾತ್ರ ಒಂದೂ ಇಲ್ಲ. ಗೆದ್ದದ್ದು 7-0. ಅದೂ ನೋ-ಹಿಟ್ಟರ್.

ಒಂಬತ್ತನೇ_ಇನ್ನಿಂಗ್ಸ್

ಸ್ಟೋನ್‌ಮನ್ ಹೆಸರು ಬಂತಲ್ಲ, ಮೊದಲನೆಯದರಿಂದಲೇ ಹೇಳುತ್ತೇನೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ.

1969ರ ಏಪ್ರಿಲ್ 8ಕ್ಕೆ ಎಕ್ಸ್‌ಪೋಸ್ ತಮ್ಮ ಮೊದಲ ಪಂದ್ಯ ಆಡಿದರು, ನ್ಯೂಯಾರ್ಕ್‌ನಲ್ಲಿ ಮೆಟ್ಸ್ ವಿರುದ್ಧ. ಏಪ್ರಿಲ್ 14ಕ್ಕೆ ಮಾಂಟ್ರಿಯಲ್‌ನ ಜ್ಯಾರಿ ಪಾರ್ಕ್‌ನಲ್ಲಿ ಮೊದಲ ತವರು ಪಂದ್ಯ. ಏಪ್ರಿಲ್ 17ಕ್ಕೆ ಫಿಲಡೆಲ್ಫಿಯಾದಲ್ಲಿ ಸ್ಟೋನ್‌ಮನ್ ನೋ-ಹಿಟ್ಟರ್ ಹಾಕಿಬಿಟ್ಟರು. ಅದು ತಂಡದ ಇತಿಹಾಸದ ಒಂಬತ್ತನೇ ಪಂದ್ಯ! ಬೇರೆ ತಂಡಗಳು ಬೇಡ ಅಂತ ಬಿಟ್ಟ ಆಟಗಾರರನ್ನು ಒಟ್ಟು ಹಾಕಿ ಮಾಡಿದ ತಂಡ ಅದು, ಆಟಗಾರರಿಗೆ ಪರಸ್ಪರ ಪರಿಚಯವೇ ಸರಿಯಾಗಿ ಆಗಿರಲಿಲ್ಲ. ಆ ದಿನ ರಸ್ಟಿ ಸ್ಟಾಬ್ ಒಂದು ಹೋಮ್ ರನ್, ಮೂರು ಡಬಲ್ (ಎರಡನೇ ಬೇಸ್‌ವರೆಗೆ ಓಡುವಂಥ ಹೊಡೆತ) ಹೊಡೆದರು. ಅಲ್ಲೂ ಸ್ಕೋರ್ 7-0.

ಆ ವರ್ಷ ಎಕ್ಸ್‌ಪೋಸ್ 52 ಗೆದ್ದು 110 ಸೋತಿತು. ಈ ಆಟದಲ್ಲಿ ಪಂದ್ಯದ ಗೆಲುವು, ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ; ಆ ಲೆಕ್ಕದಲ್ಲಿ ಸ್ಟೋನ್‌ಮನ್ ಸ್ವತಃ 11 ಗೆದ್ದು 19 ಸೋತರು. ಇಡೀ ವೃತ್ತಿಜೀವನದಲ್ಲಿ ಅವರ ಗೆಲುವು 54, ಸೋಲು 85. ಅಂಥವರ ಹೆಸರಲ್ಲಿ ಎರಡು ನೋ-ಹಿಟ್ಟರ್! ದೊಡ್ಡ ದೊಡ್ಡ ಪಿಚರ್‌ಗಳಿಗೆ ಒಂದೂ ಸಿಕ್ಕಿಲ್ಲ.

ತುಂಗಾತೀರ

ಇದರ ಜೊತೆಗೆ ಸ್ಯಾನ್ ಡಿಯಾಗೊ ಪಾಡ್ರೆಸ್ ಕಥೆಯನ್ನೂ ಇಡಬೇಕು. ಎಕ್ಸ್‌ಪೋಸ್ ಹುಟ್ಟಿದ ವರ್ಷವೇ, 1969ರಲ್ಲೇ, ಅವರೂ ಲೀಗ್‌ಗೆ ಬಂದದ್ದು. ಅವರ ಮೊದಲ ನೋ-ಹಿಟ್ಟರ್ ಬಂದದ್ದು 2021ರ ಏಪ್ರಿಲ್ 9ಕ್ಕೆ, ಜೋ ಮಸ್ಗ್ರೋವ್ ಕೈಯಿಂದ. ಒಬ್ಬರಿಗೆ ಒಂಬತ್ತೇ ಪಂದ್ಯ, ಇನ್ನೊಬ್ಬರಿಗೆ 52 ವರ್ಷ. 1962ರಲ್ಲಿ ಹುಟ್ಟಿದ ಮೆಟ್ಸ್ ಕೂಡ 2012ರ ಜೂನ್‌ವರೆಗೆ ಕಾಯಬೇಕಾಯಿತು, ಯೊಹಾನ್ ಸಂಟಾನಾ ಬರುವ ತನಕ.

ಮೌಂಟ್_ರಾಯಲ್_ಮನೆ

ನಾನು ಮಾಂಟ್ರಿಯಲ್‌ನಲ್ಲೇ ಇರುವುದು. ಸ್ಟೋನ್‌ಮನ್ ಎರಡನೇ ನೋ-ಹಿಟ್ಟರ್ ಹಾಕಿದ ಜ್ಯಾರಿ ಪಾರ್ಕ್ ಈಗ ಟೆನಿಸ್ ಕ್ರೀಡಾಂಗಣ. ಕೆನಡಿಯನ್ ಓಪನ್ ಅಲ್ಲೇ ನಡೆಯುತ್ತದೆ. ಟೆನಿಸ್ ನೋಡಲು ಹೋದ ಎಷ್ಟೋ ಜನರಿಗೆ, ನಮ್ಮ ಕನ್ನಡದವರನ್ನೂ ಸೇರಿಸಿ, ಇಲ್ಲಿ ಬೇಸ್‌ಬಾಲ್ ಆಡುತ್ತಿದ್ದರು ಅನ್ನುವುದೇ ಗೊತ್ತಿರುವುದಿಲ್ಲ. ಅಮೆರಿಕದ ಹೊರಗೆ ನಡೆದ ಮೊಟ್ಟಮೊದಲ ಮೇಜರ್ ಲೀಗ್ ನೋ-ಹಿಟ್ಟರ್ ಅದು. 1972ರ ಅಕ್ಟೋಬರ್ 2, ಎದುರಾಳಿ ಮೆಟ್ಸ್. ಆ ಜಾಗದ ಬಗ್ಗೆ ಇಷ್ಟಾದರೂ ಜನಕ್ಕೆ ತಿಳಿದಿರಬೇಕು.

ಚಾರ್ಲಿ ಲೀ ಬಗ್ಗೆಯೂ ಒಂದು ಮಾತು. ಅವರು ಹುಟ್ಟಿದ್ದು ಫ್ರಾನ್ಸ್‌ನ ಓರ್ಲಿಯಾನ್ಸ್‌ನಲ್ಲಿ. ಫ್ರೆಂಚ್ ಮಾತಾಡುವ ಈ ಊರಿನ ತಂಡಕ್ಕೆ, ಒಲಿಂಪಿಕ್ ಸ್ಟೇಡಿಯಂನಲ್ಲಿ, ಫ್ರಾನ್ಸ್‌ನಲ್ಲಿ ಹುಟ್ಟಿದ ಪಿಚರ್ ನೋ-ಹಿಟ್ಟರ್ ಹಾಕಿದರು. 1981ರ ಮೇ 10, ಭಾನುವಾರ, ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ವಿರುದ್ಧ 4-0. ಎಕ್ಸ್‌ಪೋಸ್ ಪ್ಲೇಆಫ್ ತಲುಪಿದ್ದು ಅದೊಂದೇ ವರ್ಷ.

ಹಾಸನದ_ಹುಡುಗ

ಒಂದು ಪ್ರಶ್ನೆ. 1999ರಲ್ಲಿ ದೆಹಲಿಯಲ್ಲಿ ನಮ್ಮ ಕುಂಬ್ಳೆ ಹತ್ತಕ್ಕೆ ಹತ್ತು ವಿಕೆಟ್ ತೆಗೆದಾಗ, ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕಂತಲೇ ಸ್ಟಂಪಿಂದ ದೂರ ಹಾಕಿದರು, ತನಗೆ ವಿಕೆಟ್ ಬೀಳಬಾರದು ಅಂತ. ಈ ಆಟದಲ್ಲೂ ಜೊತೆಯವರು ಹಾಗೆ ಏನಾದರೂ ಸಹಾಯ ಮಾಡಬಹುದಾ?

ಒಂಬತ್ತನೇ_ಇನ್ನಿಂಗ್ಸ್

ಅಣ್ಣ, ಒಳ್ಳೆ ಪ್ರಶ್ನೆ. ಇಲ್ಲಿ ಬೌಲಿಂಗ್ ಎರಡು ತುದಿಯಿಂದ ಇಲ್ಲವಲ್ಲ, ಅದಕ್ಕೆ ಆ ಥರದ ಸಹಾಯಕ್ಕೆ ದಾರಿಯಿಲ್ಲ. ಜೊತೆಯವರು ಎರಡು ಕೆಲಸ ಮಾಡಬಹುದು. ಒಂದು, ಬಂದ ಚೆಂಡನ್ನೆಲ್ಲ ಹಿಡಿಯುವುದು. ಇನ್ನೊಂದು, ತಾವು ಬ್ಯಾಟಿಂಗ್‌ಗೆ ಹೋದಾಗ ಒಂದಾದರೂ ರನ್ ಗಳಿಸುವುದು. ಎಕ್ಸ್‌ಪೋಸ್ ಪಿಚರ್‌ಗಳಿಗೆ ಏಟು ಬಿದ್ದದ್ದು ಈ ಎರಡನೆಯದರಿಂದ. ಗಾರ್ಡ್ನರ್‌ಗೂ ಪೆಡ್ರೊಗೂ ಒಂಬತ್ತು ಇನ್ನಿಂಗ್ಸ್‌ನಲ್ಲಿ ಒಂದೇ ಒಂದು ರನ್ ಸಿಕ್ಕಿದ್ದರೆ ಸಾಕಿತ್ತು.

ಇನ್ನೊಂದು ಪದ್ಧತಿ ಇದೆ. ನೋ-ಹಿಟ್ಟರ್ ನಡೆಯುತ್ತಿರುವಾಗ ಡಗ್‌ಔಟ್‌ನಲ್ಲಿ ಯಾರೂ ಪಿಚರ್ ಹತ್ತಿರ ಹೋಗುವುದಿಲ್ಲ, ಆ ಮಾತೇ ಎತ್ತುವುದಿಲ್ಲ. ಎತ್ತಿದರೆ ಕೆಟ್ಟುಹೋಗುತ್ತದೆ ಅನ್ನುವ ನಂಬಿಕೆ.

ಲೆಕ್ಕದ_ಪುಸ್ತಕ

ಸರಿ, ನಿಯಮದ ವಿಷಯಕ್ಕೆ ಬರೋಣ. 1991ರ ಸೆಪ್ಟೆಂಬರ್‌ನಲ್ಲಿ ಲೀಗ್‌ನ ಮುಖ್ಯಸ್ಥ, ಕಮಿಷನರ್ ಫೇ ವಿನ್ಸೆಂಟ್ ಮುಂದಾಳತ್ವದ ಸಮಿತಿ ತೀರ್ಮಾನಿಸಿದ್ದು ಇಷ್ಟು: ಪಂದ್ಯ ಕನಿಷ್ಠ ಒಂಬತ್ತು ಇನ್ನಿಂಗ್ಸ್ ನಡೆದಿರಬೇಕು, ಮತ್ತು ಪಂದ್ಯ ಮುಗಿಯುವ ತನಕ ಹಿಟ್ ಬಂದಿರಬಾರದು. ಎರಡರಲ್ಲಿ ಒಂದು ತಪ್ಪಿದರೂ ಅದು ನೋ-ಹಿಟ್ಟರ್ ಅಲ್ಲ. ಸುಮಾರು 50 ಹಳೆಯ ನೋ-ಹಿಟ್ಟರ್‌ಗಳು ಒಂದೇ ಏಟಿಗೆ ಪಟ್ಟಿಯಿಂದ ಹೋದವು. 1959ರಲ್ಲಿ ಹಾರ್ವಿ ಹ್ಯಾಡಿಕ್ಸ್ 12 ಇನ್ನಿಂಗ್ಸ್ ಪರ್ಫೆಕ್ಟ್ ಆಗಿ ಹಾಕಿ 13ರಲ್ಲಿ ಸೋತಿದ್ದರಲ್ಲ, ಅದೂ ಹೋಯಿತು.

ಈ ನಿಯಮ ಸರಿಯೇ ಇದೆ ಅನ್ನುವವನು ನಾನು. ಮಳೆ ಬಂದು ಐದು ಇನ್ನಿಂಗ್ಸ್‌ಗೆ ನಿಂತ ಪಂದ್ಯವನ್ನೂ ಒಂಬತ್ತು ಇನ್ನಿಂಗ್ಸ್ ದುಡಿದದ್ದನ್ನೂ ಒಂದೇ ಸಾಲಿನಲ್ಲಿ ಹೇಗೆ ಇಡುವುದು? ಪಾಮರ್ 1984ರ ಏಪ್ರಿಲ್ 21ಕ್ಕೆ ಸೇಂಟ್ ಲೂಯಿಸ್‌ನಲ್ಲಿ ಐದು ಇನ್ನಿಂಗ್ಸ್ ಪರ್ಫೆಕ್ಟ್ ಹಾಕಿದರು, 4-0, ಆಮೇಲೆ ಮಳೆ. ಪೆರೆಜ್ 1988ರ ಸೆಪ್ಟೆಂಬರ್ 24ಕ್ಕೆ ಫಿಲಡೆಲ್ಫಿಯಾದಲ್ಲಿ, ಅಲ್ಲೂ ಐದೇ ಇನ್ನಿಂಗ್ಸ್, 1-0, ಅಲ್ಲೂ ಮಳೆ. ನೋ-ಹಿಟ್ಟರ್ ಹೆಚ್ಚಾಗಿ ಕೆಡುವುದು ಏಳರಿಂದ ಒಂಬತ್ತರ ಒಳಗೆ. ಬ್ಯಾಟರ್‌ಗಳು ಆ ಹೊತ್ತಿಗೆ ಪಿಚರ್‌ನನ್ನು ಮೂರನೇ ಸಲ ನೋಡುತ್ತಿರುತ್ತಾರೆ, ಪಿಚರ್ ಕೈಯೂ ದಣಿದಿರುತ್ತದೆ. ಆ ಭಾಗವನ್ನೇ ದಾಟದೆ ಇದ್ದರೆ ಅದು ಅರ್ಧ ಕೆಲಸ.

ಒಂಬತ್ತನೇ_ಇನ್ನಿಂಗ್ಸ್

ಪಾಮರ್, ಪೆರೆಜ್ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ ಸರ್. ಆದರೂ ಒಂದು ಹೇಳುತ್ತೇನೆ. ಮಳೆಯಿಂದ ನಿಂತ ಆ ಪಂದ್ಯದ ಗೆಲುವು ಲೆಕ್ಕಕ್ಕೆ ಬಂತು. ಆ ರನ್‌ಗಳೂ ಬಂದವು, ಸ್ಟ್ರೈಕ್‌ಔಟ್‌ಗಳೂ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾದದ್ದು) ಬಂದವು. ಪಾಯಿಂಟ್ಸ್ ಟೇಬಲ್‌ಗೆ ಪೂರ್ತಿ ಪಂದ್ಯ, ಪಿಚರ್ ಹೆಸರಿಗೆ ಮಾತ್ರ ಅರ್ಧ ಪಂದ್ಯ ಅಂದರೆ ಹೇಗೆ?

ಗಾರ್ಡ್ನರ್, ಪೆಡ್ರೊ ವಿಷಯದಲ್ಲಂತೂ ನಾನು ಒಪ್ಪುವುದೇ ಇಲ್ಲ. ಇವರಿಬ್ಬರೂ ನೀವು ಹೇಳಿದ ಆ ಏಳು, ಎಂಟು, ಒಂಬತ್ತನ್ನು ದಾಟಿದವರು. ಬೇರೆಯವರು ಮಾಡಿದ್ದಷ್ಟನ್ನೂ ಮಾಡಿ, ಅದರ ಮೇಲೆ ಹತ್ತನೇ ಇನ್ನಿಂಗ್ಸ್‌ಗೂ ಹೋಗಬೇಕಾಗಿ ಬಂದವರು. ಹೆಚ್ಚು ದುಡಿದದ್ದಕ್ಕೆ ಕಡಿಮೆ ಲೆಕ್ಕ ಸಿಕ್ಕಿತು.

ಹೊಸಬ_ನೋಡುಗ

ಗಾರ್ಡ್ನರ್ ಪಂದ್ಯದಲ್ಲಿ ಏನಾಯಿತು? ಅದರ ಬಗ್ಗೆ ಎಲ್ಲೂ ಜಾಸ್ತಿ ಓದಿಲ್ಲ.

ಒಂಬತ್ತನೇ_ಇನ್ನಿಂಗ್ಸ್

1991ರ ಜುಲೈ 26, ಶುಕ್ರವಾರ ರಾತ್ರಿ, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂ. ಗಾರ್ಡ್ನರ್ ಒಂಬತ್ತು ಇನ್ನಿಂಗ್ಸ್ ಹಾಕಿದರು, ಡಾಡ್ಜರ್ಸ್‌ಗೆ ಒಂದೂ ಹಿಟ್ ಇಲ್ಲ. ಆದರೆ ಎಕ್ಸ್‌ಪೋಸ್‌ಗೂ ರನ್ ಇಲ್ಲ, 0-0. ಹತ್ತನೇ ಇನ್ನಿಂಗ್ಸ್ ಶುರುವಾಯಿತು. ಲೆನ್ನಿ ಹ್ಯಾರಿಸ್ ಹೊಡೆದ ಚೆಂಡು ಇನ್‌ಫೀಲ್ಡ್ ಕೂಡ ದಾಟಲಿಲ್ಲ, ಆದರೆ ಅವರು ಓಡಿ ಬೇಸ್ ಮುಟ್ಟಿದರು. ಹಿಟ್ ಅಂತ ಬರೆದರು. ಸ್ವಲ್ಪ ಹೊತ್ತಿಗೆ ಡಾರಿಲ್ ಸ್ಟ್ರಾಬೆರಿ ಹೊಡೆತಕ್ಕೆ ರನ್ ಬಂತು, ಪಂದ್ಯ ಮುಗಿಯಿತು. 1-0 ಸೋಲು. ಒಂಬತ್ತು ಇನ್ನಿಂಗ್ಸ್ ಹಿಟ್ ಕೊಡದ ಮನುಷ್ಯನ ಹೆಸರಿಗೇ ಸೋಲು ಬಿತ್ತು.

ಒಂದು ದಿನ ಬಿಟ್ಟು ಜುಲೈ 28, ಭಾನುವಾರ ಮಧ್ಯಾಹ್ನ. ಅದೇ ಮೈದಾನ, ಅದೇ ಡಾಡ್ಜರ್ಸ್. ಆ ದಿನ ಪಿಚಿಂಗ್‌ಗೆ ಬಂದದ್ದು ಡೆನಿಸ್ ಮಾರ್ಟಿನೆಜ್.

ಮೌಂಟ್_ರಾಯಲ್_ಮನೆ

ನಮ್ಮ ಊರಿನ ಹಳಬರು ಅವರನ್ನು ಈಗಲೂ ಎಲ್ ಪ್ರೆಸಿಡೆಂಟೆ (ಸ್ಪ್ಯಾನಿಷ್‌ನಲ್ಲಿ ಅಧ್ಯಕ್ಷ) ಅಂತಲೇ ಕರೆಯುವುದು. ನಿಕರಾಗುವದಿಂದ ಮೇಜರ್ ಲೀಗ್‌ಗೆ ಬಂದ ಮೊದಲ ಆಟಗಾರ. ಗ್ರನಾಡ ಅವರ ಊರು. 1976ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರು ಮಾಡಿದರು. ಮಧ್ಯೆ ಕುಡಿತದಿಂದ ಎಲ್ಲ ಹಾಳಾಗುವ ಹಂತಕ್ಕೆ ಬಂತು. 1983ರಲ್ಲಿ ಚಿಕಿತ್ಸೆ ತೆಗೆದುಕೊಂಡರು, ಬಿಟ್ಟರು. 1986ರಲ್ಲಿ ಮಾಂಟ್ರಿಯಲ್‌ಗೆ ಬಂದಾಗ ಅವರ ಕಾಲ ಮುಗಿಯಿತು ಅಂತಲೇ ಎಲ್ಲರ ಎಣಿಕೆ ಇತ್ತು. ಇಲ್ಲಿ ಮತ್ತೆ ನಿಂತರು.

ಒಂಬತ್ತನೇ_ಇನ್ನಿಂಗ್ಸ್

ಆ ಪಂದ್ಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಎದುರು ತಂಡದ ಪಿಚರ್ ಮೈಕ್ ಮಾರ್ಗನ್ ಕೂಡ ಮೊದಲ ಐದು ಇನ್ನಿಂಗ್ಸ್ ಪರ್ಫೆಕ್ಟ್ ಆಗಿಯೇ ಹಾಕಿದರು. ಎರಡೂ ಕಡೆ ಯಾರೂ ಬೇಸ್ ಮುಟ್ಟುತ್ತಿಲ್ಲ! ಎರಡು ದಿನದ ಹಿಂದಿನ 0-0 ಎಲ್ಲರ ತಲೆಯಲ್ಲೂ ಇದ್ದೇ ಇರಬೇಕು. ಏಳನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ ಶಾರ್ಟ್‌ಸ್ಟಾಪ್ ಆಲ್ಫ್ರೆಡೊ ಗ್ರಿಫಿನ್ ಎಡವಿದರು, ಲ್ಯಾರಿ ವಾಕರ್ ಟ್ರಿಪಲ್ (ಮೂರನೇ ಬೇಸ್‌ವರೆಗೆ ಓಡುವಂಥ ಹೊಡೆತ) ಹೊಡೆದರು, ಒಟ್ಟು ಎರಡು ರನ್ ಬಂತು. ಎರಡೂ ಫೀಲ್ಡಿಂಗ್ ತಪ್ಪಿನಿಂದ ಬಂದ ರನ್‌ಗಳು, ಮಾರ್ಗನ್ ಲೆಕ್ಕಕ್ಕೆ ಸೇರದವು. ಶುಕ್ರವಾರ ಗಾರ್ಡ್ನರ್‌ಗೆ ಸಿಗದೆ ಹೋದದ್ದು ಭಾನುವಾರ ಮಾರ್ಟಿನೆಜ್‌ಗೆ ಸಿಕ್ಕಿತು. ಎರಡು ಪಂದ್ಯಗಳ ನಡುವಿನ ವ್ಯತ್ಯಾಸ ಇಷ್ಟೇ, ಅದಕ್ಕೇ ನಾನು ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾರೆ.

ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್. ಪಿಂಚ್ ಹಿಟ್ಟರ್ (ಬದಲಿ ಬ್ಯಾಟರ್) ಆಗಿ ಬಂದ ಕ್ರಿಸ್ ಗ್ವಿನ್ ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಹೊಡೆದರು. ಸೆಂಟರ್ ಫೀಲ್ಡ್‌ನಿಂದ ಮಾರ್ಕಿಸ್ ಗ್ರಿಸಮ್ ಓಡಿ ಬಂದು ಹಿಡಿದರು. 27ಕ್ಕೆ 27. 96 ಪಿಚ್ ಅಷ್ಟೇ. ಮಾರ್ಟಿನೆಜ್ ಡಗ್‌ಔಟ್‌ನಲ್ಲಿ ಕೂತು ಅತ್ತರು. ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ ಪಿಚರ್‌ನ ಮೊದಲ ಪರ್ಫೆಕ್ಟ್ ಗೇಮ್, ಮೇಜರ್ ಲೀಗ್ ಇತಿಹಾಸದಲ್ಲಿ 13ನೆಯದು. ನಿಕರಾಗುವದ ರಾಜಧಾನಿ ಮನಾಗ್ವದ ಕ್ರೀಡಾಂಗಣಕ್ಕೆ ಹಿಂದೆ ಅವರ ಹೆಸರನ್ನೇ ಇಟ್ಟಿದ್ದರು.

ಇನ್ನೊಬ್ಬರನ್ನು ಮರೆಯಬಾರದು, ಬ್ಯಾಟರ್ ಹಿಂದೆ ಕೂತು ಪಿಚರ್ ಎಸೆದ ಚೆಂಡು ಹಿಡಿಯುವ ಕ್ಯಾಚರ್ ರಾನ್ ಹ್ಯಾಸಿ. 1981ರಲ್ಲಿ ಕ್ಲೀವ್‌ಲ್ಯಾಂಡ್‌ನ ಲೆನ್ ಬಾರ್ಕರ್ ಪರ್ಫೆಕ್ಟ್ ಗೇಮ್ ಹಾಕಿದಾಗ ಕ್ಯಾಚರ್ ಇವರೇ. ಎರಡು ಪರ್ಫೆಕ್ಟ್ ಗೇಮ್‌ಗಳಿಗೆ ಕ್ಯಾಚರ್ ಆದವರು ಇವರೊಬ್ಬರೇ.

ತುಂಗಾತೀರ

1991 ಎಂಥಾ ವರ್ಷ ಅಂತ ಒಟ್ಟಿಗೆ ನೋಡಿ. ಮೇ 23ಕ್ಕೆ ಫಿಲಡೆಲ್ಫಿಯಾದ ಟಾಮಿ ಗ್ರೀನ್ ಮಾಂಟ್ರಿಯಲ್‌ಗೇ ಬಂದು ಎಕ್ಸ್‌ಪೋಸ್ ವಿರುದ್ಧ ನೋ-ಹಿಟ್ಟರ್ ಹಾಕಿ ಹೋದರು. ಜುಲೈನಲ್ಲಿ ಗಾರ್ಡ್ನರ್, ಅದರ ಬೆನ್ನಿಗೇ ಮಾರ್ಟಿನೆಜ್. ಸೆಪ್ಟೆಂಬರ್‌ನಲ್ಲಿ ನಿಯಮ ಬದಲಾಗಿ ಗಾರ್ಡ್ನರ್ ಹೋದರು, ಜೊತೆಗೆ ಪಾಮರ್, ಪೆರೆಜ್ ಕೂಡ. ಅದೇ ತಿಂಗಳು ಒಲಿಂಪಿಕ್ ಸ್ಟೇಡಿಯಂನ 55 ಟನ್ ತೂಕದ ಕಾಂಕ್ರೀಟ್ ತೊಲೆ ಕಳಚಿ ಬಿತ್ತು. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ. ಸೀಸನ್‌ನ ಉಳಿದ ಪಂದ್ಯಗಳನ್ನೆಲ್ಲ ಬೇರೆ ಊರುಗಳಲ್ಲೇ ಆಡಿದರು. ಕೊನೆಗೆ 71 ಗೆಲುವು, 90 ಸೋಲು, ತಮ್ಮ ವಿಭಾಗದಲ್ಲಿ ಕಡೆಯ ಸ್ಥಾನ.

ಲೆಕ್ಕದ_ಪುಸ್ತಕ

ಎಕ್ಸ್‌ಪೋಸ್ ವಿರುದ್ಧ ಬಂದವನ್ನೂ ಸೇರಿಸಿಬಿಡಿ. 1976ರಲ್ಲಿ ಹ್ಯೂಸ್ಟನ್‌ನ ಲ್ಯಾರಿ ಡೀರ್ಕರ್, 1983ರಲ್ಲಿ ಸೇಂಟ್ ಲೂಯಿಸ್‌ನ ಬಾಬ್ ಫೋರ್ಶ್, 1991ರಲ್ಲಿ ಗ್ರೀನ್. ಆಮೇಲೆ 1999ರ ಜುಲೈ 18ಕ್ಕೆ ಯಾಂಕೀಸ್‌ನ ಡೇವಿಡ್ ಕೋನ್, ಅದು ಪರ್ಫೆಕ್ಟ್ ಗೇಮ್, 88 ಪಿಚ್. ಅವತ್ತು ನ್ಯೂಯಾರ್ಕ್‌ನಲ್ಲಿ ಯೋಗಿ ಬೆರಾ ದಿನ. 1956ರ ವರ್ಲ್ಡ್ ಸೀರೀಸ್‌ನಲ್ಲಿ ಪರ್ಫೆಕ್ಟ್ ಗೇಮ್ ಹಾಕಿದ ಡಾನ್ ಲಾರ್ಸನ್, ಆಗಿನ ತಮ್ಮ ಕ್ಯಾಚರ್ ಬೆರಾಗೆ ಮೊದಲ ಚೆಂಡು ಎಸೆದು ಪಂದ್ಯ ಶುರು ಮಾಡಿಸಿದ್ದರು. ಅವರಿಬ್ಬರೂ ನೋಡುತ್ತಿರುವಾಗಲೇ ಕೋನ್ ಮುಗಿಸಿದರು. ಎದುರಿಗೆ ಇದ್ದವರು ಪಾಪ ನಮ್ಮ ಎಕ್ಸ್‌ಪೋಸ್.

ಹಾಸನದ_ಹುಡುಗ

ಪೆಡ್ರೊ ವಿಷಯ ಯಾರೂ ಹೇಳಲೇ ಇಲ್ಲವಲ್ಲ.

ಒಂಬತ್ತನೇ_ಇನ್ನಿಂಗ್ಸ್

ಬರುತ್ತಿದ್ದೆ ಅಣ್ಣ. 1995ರ ಜೂನ್ 3, ಸ್ಯಾನ್ ಡಿಯಾಗೊ. ಪೆಡ್ರೊ ಮಾರ್ಟಿನೆಜ್ ಒಂಬತ್ತು ಇನ್ನಿಂಗ್ಸ್ ಹಾಕಿದರು. 27 ಜನ ಬಂದರು, 27 ಜನ ಔಟ್. ವಾಕ್ ಇಲ್ಲ, ಎರರ್ (ಫೀಲ್ಡಿಂಗ್ ತಪ್ಪು) ಇಲ್ಲ, ಏನೂ ಇಲ್ಲ. ಸ್ಕೋರ್ 0-0. ಎಕ್ಸ್‌ಪೋಸ್ ಹತ್ತನೇ ಇನ್ನಿಂಗ್ಸ್‌ನಲ್ಲಿ ಹೇಗೋ ಒಂದು ರನ್ ಗಳಿಸಿದರು. ಪೆಡ್ರೊ ಮತ್ತೆ ಬಂದರು. ಮೊದಲ ಬ್ಯಾಟರ್ ಬಿಪ್ ರಾಬರ್ಟ್ಸ್, ಡಬಲ್ ಹೊಡೆದರು. ಅಲ್ಲಿಗೆ ಎಲ್ಲ ಹೋಯಿತು. ಮೆಲ್ ರೋಹಾಸ್ ಬಂದು ಪಂದ್ಯ ಮುಗಿಸಿದರು, ಎಕ್ಸ್‌ಪೋಸ್ 1-0 ಗೆದ್ದಿತು. ಗೆಲುವು ಪೆಡ್ರೊ ಹೆಸರಿಗೇ ಬಂತು. ಪಟ್ಟಿಯಲ್ಲಿ ಮಾತ್ರ ಪಂದ್ಯಕ್ಕೆ ಜಾಗವಿಲ್ಲ. ಇದೇ ಪಂದ್ಯ ಹಳೆಯ ನಿಯಮದ ಕಾಲದಲ್ಲಿ ನಡೆದಿದ್ದರೆ ಸೇರುತ್ತಿತ್ತು.

ಹಿಂದಿನ ವರ್ಷವೂ ಅವರಿಗೆ ಹತ್ತಿರ ಬಂದು ತಪ್ಪಿತ್ತು. 1994ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿ ರೆಡ್ಸ್ ವಿರುದ್ಧ ಎಂಟನೇ ಇನ್ನಿಂಗ್ಸ್‌ವರೆಗೆ ಪರ್ಫೆಕ್ಟ್. ಆಗ ಒಂದು ಚೆಂಡು ರೆಜಿ ಸ್ಯಾಂಡರ್ಸ್ ಮೈಗೆ ತಾಗಿತು. ಸ್ಯಾಂಡರ್ಸ್ ಸೀದಾ ಪೆಡ್ರೊ ಮೇಲೆ ನುಗ್ಗಿದರು! ಪರ್ಫೆಕ್ಟ್ ಗೇಮ್ ಹಾಕುತ್ತಿರುವವನು ಬೇಕಂತ ಯಾರಿಗಾದರೂ ಹೊಡೆಯುತ್ತಾನಾ, ನೀವೇ ಹೇಳಿ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹಿಟ್ಟೂ ಬಂತು.

ಪೆಡ್ರೊ ಆಮೇಲೆ ಬಾಸ್ಟನ್‌ಗೆ ಹೋದರು, ಹಾಲ್ ಆಫ್ ಫೇಮ್‌ಗೂ ಸೇರಿದರು. ಅಧಿಕೃತ ನೋ-ಹಿಟ್ಟರ್ ಒಂದೂ ಅವರ ಹೆಸರಲ್ಲಿ ಇಲ್ಲ. ಸ್ಟೋನ್‌ಮನ್‌ಗೆ ಎರಡು, ಪೆಡ್ರೊಗೆ ಸೊನ್ನೆ. ಬರೀ ಪಟ್ಟಿ ನೋಡಿ ಈ ಆಟ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಲೆಕ್ಕದ_ಪುಸ್ತಕ

ಪೆಡ್ರೊ ಪಂದ್ಯ ನನಗೂ ನೋವು ಕೊಡುತ್ತದೆ, ಅದು ನಿಜ. ಆದರೆ ನಿಯಮ ಒಂದು ಕಡೆ ಗೆರೆ ಎಳೆಯಲೇಬೇಕು. ಹತ್ತನೇ ಇನ್ನಿಂಗ್ಸ್‌ನಲ್ಲಿ ಹಿಟ್ ಬಂದ ಪಂದ್ಯವನ್ನು ಹಿಟ್ ಇಲ್ಲದ ಪಂದ್ಯ ಅಂತ ಹೇಗೆ ಬರೆಯುವುದು? ಅದನ್ನು ಬೇರೆ ಪಟ್ಟಿಯಲ್ಲಿ ಇಡಿ, ದೊಡ್ಡ ಅಕ್ಷರದಲ್ಲೇ ಇಡಿ. ಅದಕ್ಕೆ ನನ್ನ ತಕರಾರಿಲ್ಲ.

ಡಿಸಿ_ಕನ್ನಡತಿ

ನಾನು ವಾಷಿಂಗ್ಟನ್ ಕಡೆಯವಳು, ನ್ಯಾಷನಲ್ಸ್ ಅಭಿಮಾನಿ. ನೀವೆಲ್ಲ ಎಕ್ಸ್‌ಪೋಸ್ ಸತ್ತ ತಂಡ ಅನ್ನುತ್ತಿದ್ದೀರಿ. ಲೀಗ್ ಲೆಕ್ಕದಲ್ಲಿ ಅದು ಸತ್ತಿಲ್ಲ, ಊರು ಬದಲಾಯಿಸಿದೆ ಅಷ್ಟೇ. ಆ ನಾಲ್ಕು ನೋ-ಹಿಟ್ಟರ್‌ಗಳು ನಮ್ಮ ಫ್ರಾಂಚೈಸಿ ದಾಖಲೆಯಲ್ಲೇ ಇವೆ. ಅದರ ಮುಂದಕ್ಕೆ 2014ರ ಸೆಪ್ಟೆಂಬರ್ 28ಕ್ಕೆ ಜೋರ್ಡನ್ ಜಿಮ್ಮರ್‌ಮನ್, ಕೊನೆಯ ಚೆಂಡಿಗೆ ಸ್ಟೀವನ್ ಸೌಝಾ ಹಾರಿ ಹಿಡಿದ ಕ್ಯಾಚ್. 2015ರಲ್ಲಿ ಮ್ಯಾಕ್ಸ್ ಶರ್ಜರ್ ಎರಡು, ಜೂನ್ 20 ಮತ್ತು ಅಕ್ಟೋಬರ್ 3. ಜೂನ್‌ನಲ್ಲಿ ಪರ್ಫೆಕ್ಟ್ ಗೇಮ್‌ಗೆ ಒಂದೇ ಔಟ್ ಬಾಕಿ ಇದ್ದಾಗ ಹೋಸೆ ಟಬಾಟಾ ಮೊಣಕೈಗೆ ಚೆಂಡು ತಾಗಿತು. ಅಕ್ಟೋಬರ್‌ನಲ್ಲಿ 17 ಸ್ಟ್ರೈಕ್‌ಔಟ್. ಒಟ್ಟು ಏಳು ಅನ್ನಬೇಕು.

ಮೌಂಟ್_ರಾಯಲ್_ಮನೆ

ಮೇಡಂ, ನಿಮ್ಮ ಮೂರೂ ಪಂದ್ಯಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಜಿಮ್ಮರ್‌ಮನ್ ಪಂದ್ಯದ ದಿನ ವಾಷಿಂಗ್ಟನ್‌ನಲ್ಲಿ ಎಲ್ಲರೂ ಹೇಳಿದ್ದು ಏನು? 1931ರಲ್ಲಿ ಸೆನೇಟರ್ಸ್‌ನ ಬಾಬಿ ಬರ್ಕ್ ಹಾಕಿದ ಮೇಲೆ ವಾಷಿಂಗ್ಟನ್‌ಗೆ ಬಂದ ಮೊದಲ ನೋ-ಹಿಟ್ಟರ್ ಅಂತ. ಡೆನಿಸ್ ಮಾರ್ಟಿನೆಜ್ ಆದ ಮೇಲಿನ ಮೊದಲನೆಯದು ಅಂತ ಸಂಭ್ರಮಿಸಿದವರು ಎಷ್ಟು ಜನ? ನಿಮ್ಮ ಊರಿನ ಜನವೇ ತಮ್ಮ ಊರಿನ ಹಳೆಯ ತಂಡವನ್ನು ನೆನೆದರು. ಅದು ಸಹಜ, ತಪ್ಪಲ್ಲ. ನಾವೂ ಅದನ್ನೇ ಕೇಳುತ್ತಿರುವುದು.

ಗ್ಯಾರಿ ಕಾರ್ಟರ್ 8, ಸ್ಟಾಬ್ ಮತ್ತು ಆಂಡ್ರೆ ಡಾಸನ್ 10, ಟಿಮ್ ರೇನ್ಸ್ 30. ಈ ನಂಬರ್‌ಗಳನ್ನು ಎಕ್ಸ್‌ಪೋಸ್ ಯಾರಿಗೂ ಕೊಡದೆ ಎತ್ತಿಟ್ಟಿತ್ತು. ವಾಷಿಂಗ್ಟನ್‌ಗೆ ಹೋದ ಮೇಲೆ ಅವನ್ನು ಬೇರೆ ಆಟಗಾರರಿಗೆ ಕೊಟ್ಟರು. ಆ ಗೌರವದ ಬ್ಯಾನರ್ ಈಗ ಇರುವುದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ. ಐಸ್ ಹಾಕಿ ಆಡುವ ಕನೇಡಿಯನ್ಸ್ ತಂಡ 2005ರಲ್ಲಿ ತನ್ನ ಮನೆಯಲ್ಲಿ ಅದಕ್ಕೆ ಜಾಗ ಕೊಟ್ಟಿತು.

ಡಿಸಿ_ಕನ್ನಡತಿ

ನಂಬರ್ ವಿಷಯದಲ್ಲಿ ನಿಮ್ಮ ಬೇಸರ ಅರ್ಥ ಆಗುತ್ತದೆ. ನಮ್ಮ ಕ್ರೀಡಾಂಗಣದ ರಿಂಗ್ ಆಫ್ ಆನರ್‌ನಲ್ಲಿ ಕಾರ್ಟರ್, ಡಾಸನ್ ಹೆಸರು ಇವೆ. 2019ರಲ್ಲಿ ಒಂದು ಪಂದ್ಯಕ್ಕೆ ಎಕ್ಸ್‌ಪೋಸ್ ಸಮವಸ್ತ್ರವನ್ನೇ ಹಾಕಿಕೊಂಡು ಆಡಿದರು. ಪೂರ್ತಿ ಮರೆತಿಲ್ಲ. ಆದರೂ ಮಾರ್ಟಿನೆಜ್ ಪಂದ್ಯ ಮಾಂಟ್ರಿಯಲ್ ಜನರದ್ದೇ, ಅದನ್ನು ನಾನೂ ಒಪ್ಪುತ್ತೇನೆ. ನಾನು ಆ ಪಂದ್ಯದ ವಿಡಿಯೊ ನೋಡಿರುವೆ. ಅವರು ಅತ್ತಾಗ ನನಗೂ ಅಳು ಬಂತು.

ಹೊಸಬ_ನೋಡುಗ

ನಾನು ಮಾರ್ಟಿನೆಜ್ ಪಂದ್ಯ ಮೊದಲು ನೋಡಲಾ, ಪೆಡ್ರೊದು ಮೊದಲು ನೋಡಲಾ?

ಒಂಬತ್ತನೇ_ಇನ್ನಿಂಗ್ಸ್

ಮಾರ್ಟಿನೆಜ್ ಮೊದಲು ನೋಡಿ. ಐದನೇ ಇನ್ನಿಂಗ್ಸ್‌ವರೆಗೆ ಮಾರ್ಗನ್ ಹಾಕುವುದನ್ನೂ ಅಷ್ಟೇ ಗಮನ ಇಟ್ಟು ನೋಡಿ. ಆಮೇಲೆ ಪೆಡ್ರೊ.

ಲೆಕ್ಕದ ಪುಸ್ತಕ ಸರ್ ಹೇಳಿದ ಹಾಗೆ ಎರಡು ಪಟ್ಟಿ ಮಾಡಿ ಇಲ್ಲೇ ಮೇಲೆ ಹಾಕುತ್ತೇನೆ. ಒಂದರಲ್ಲಿ ಸ್ಟೋನ್‌ಮನ್, ಸ್ಟೋನ್‌ಮನ್, ಲೀ, ಮಾರ್ಟಿನೆಜ್. ಅದರ ಪಕ್ಕದಲ್ಲೇ ಇನ್ನೊಂದು, ಅದೇ ಅಳತೆಯ ಅಕ್ಷರದಲ್ಲಿ, ಪಾಮರ್, ಪೆರೆಜ್, ಗಾರ್ಡ್ನರ್, ಪೆಡ್ರೊ. ಪಾಮರ್‌ನ ಸೇಂಟ್ ಲೂಯಿಸ್ ಪಂದ್ಯದ ಪೂರ್ತಿ ಸ್ಕೋರ್‌ಕಾರ್ಡ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಾಕಿ.